ಹುತ್ತಕ್ಕೆ ಹಾರೆ ಹಾಕಬೇಡಿ



ಮುಂಗಾರಿನ ಮೊದಲ ಮಳೆ ಬಿದ್ದು ಗುಡುಗು ಮೊಳಗಿತೆಂದರೆ ನಮ್ಮ ಕರಾವಳಿ, ಮಲೆನಾಡಿನ ಹಿರಿಯರ ಕಣ್ಣು ಗುಡ್ಡದತ್ತ ಹೊರಳುತ್ತದೆ. ಮೊದಲು ಬರುವುದು ಕಲ್ಲಣಬೆ. ಮರದ ಬೇರುಗಳ ಸಹವಾಸದಲ್ಲಿ, ಮಣ್ಣಿನಡಿ ಗೋಲಿಯಂತೆ ಅಡಗಿರುವ ಇದನ್ನು ಒಳಗೆ ಬೆಳ್ಳಗಿರುವಾಗಲೇ ತಿನ್ನಬೇಕು. ಬಲಿತರೆ ಬರೀ ಕರಿ ಪುಡಿ. ಮಳೆ ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಹುತ್ತದಣಬೆಯ ಸರದಿ. ತುಳುವಿನಲ್ಲಿ ಲಾಂಬು, ಕೊಡಗಿನಲ್ಲಿ ಕುಮ್ಮು. ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಏಳುತ್ತದೆ. ಆ ಜಾಗವನ್ನು ಪಾಪನಿವೇದನೆಯಲ್ಲೂ ಬಾಯಿಬಿಡದ ಮನೆಗಳುಂಟು!

ರಾತ್ರಿ ಬೆಳಗಾಗುವಷ್ಟರಲ್ಲಿ ಎದ್ದಿತು ಎನ್ನುತ್ತೇವೆ. ನಿಜವಾಗಿ ಹಾಗಲ್ಲ. ಗೆದ್ದಲುಗಳು ವರ್ಷವಿಡೀ ಒಣಗಿದ ಎಲೆ, ಕಡ್ಡಿ, ಮರದ ಚೂರುಗಳನ್ನು ತಿಂದು, ಅದರಿಂದಲೇ ನೆಲದೊಳಗೆ ಜೇನುತಟ್ಟಿಯಂಥ ತಟ್ಟಿಗಳನ್ನು ಕಟ್ಟುತ್ತವೆ. ಅದರಲ್ಲಿ ಹಬ್ಬುವ ಬಿಳಿ ಬೂಷ್ಟೇ ಅಣಬೆಯ ನಿಜವಾದ ದೇಹ. ಗೆದ್ದಲಿಗೆ ಸುಲಭವಾಗಿ ಜೀರ್ಣವಾಗದ ಗಟ್ಟಿ ನಾರನ್ನು ಅದು ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದಕ್ಕೆ ಮನೆ, ಮೇವು ಒದಗಿಸುತ್ತದೆ. ನೆಲ ನೆನೆದಾಗ ಆ ತಟ್ಟಿಯಿಂದ ಬೇರಿನಂಥ ಉದ್ದನೆಯ ಕಾಂಡ ಮೇಲೇರಿ, ಚೂಪು ತುದಿಯಿಂದ ಮಣ್ಣು ಸೀಳಿ ಕೊಡೆ ಬಿಚ್ಚುತ್ತದೆ. ಅದರ ಆಯುಸ್ಸು ಕೆಲವೇ ದಿನ. ಪೇಟೆಯ ಗುಂಡಿ ಅಣಬೆ, ಚಿಪ್ಪಣಬೆಗಳನ್ನು ಕೋಣೆಯಲ್ಲಿ ಬೆಳೆಸುತ್ತಾರೆ. ಇದನ್ನು ಹಾಗೆ ಬೆಳೆಸಿ ಮಾರುವುದು ಇನ್ನೂ ಕೈಗೂಡಿಲ್ಲ.

ಮಾರ್ಕನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಪುಟ್ಟ ಸಾಮತಿಯೊಂದಿದೆ. ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಬೆಳೆಯಿತೆಂಬುದು ಅವನಿಗೇ ತಿಳಿಯದು. ಮಲಗಿದ ರೈತನನ್ನು ಸ್ವಾಮಿ ಗದರಿಸಲಿಲ್ಲ, ಗಮನಿಸಿ.

ನಮ್ಮ ಮನೆಗಳಲ್ಲಾದರೋ ನಿದ್ದೆಗೆಟ್ಟ ತಂದೆತಾಯಂದಿರು ಎಷ್ಟಿಲ್ಲ! ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಮಗ ಬಲಿಪೂಜೆಗೆ ಹೋಗುತ್ತಿಲ್ಲ. ಮಗಳು ಜಪಸರ ಮುಟ್ಟುತ್ತಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ವಿಚಾರಣೆ, ಊರಿಗೆ ಬಂದರೆ ಊಟದ ತಟ್ಟೆಯ ಮುಂದೆಯೇ ಉಪದೇಶ. ಇದು ಬೇಸಿಗೆಯಲ್ಲಿ ಅಣಬೆ ಬೇಕೆಂದು ಹುತ್ತಕ್ಕೆ ಹಾರೆ ಹಾಕಿದಂತೆ. ಅಣಬೆಯಂತೂ ಸಿಗದು, ತಟ್ಟಿ ಒಡೆದರೆ ಮುಂದಿನ ಮಳೆಗಾಲದ್ದೂ ಹೋಯಿತು.

ಹಾಗೆಂದು ಕೈಕಟ್ಟಿ ಕೂರಿ ಎನ್ನುತ್ತಿಲ್ಲ. ಗೆದ್ದಲು ಬೇಸಿಗೆಯಲ್ಲೂ ದುಡಿಯುತ್ತದೆ. ಮನೆಯ ಸಂಜೆಯ ಪ್ರಾರ್ಥನೆ, ಮುನಿಸಿಕೊಂಡ ತಮ್ಮನ ಬಾಗಿಲಿಗೆ ಅಪ್ಪನೇ ನಡೆದು ಹೋದದ್ದು, ಕಾಯಿಲೆ ಬಿದ್ದ ನೆರೆಯವರಿಗೆ ಅಮ್ಮ ಒಯ್ದ ಗಂಜಿ, ಇವನ್ನೆಲ್ಲ ಮಕ್ಕಳು ಕಂಡಿರುತ್ತಾರೆ. ಕಂಡದ್ದು ಒಳಗೆಲ್ಲೋ ಉಳಿದಿರುತ್ತದೆ. ಯಾವ ಮಳೆಗೆ ಅದು ಎದ್ದೀತು? ಒಂದು ಸಾವಿನ ಮನೆಯಲ್ಲೋ, ತನ್ನದೇ ಮಗುವಿನ ಜ್ಞಾನಸ್ನಾನದ ದಿನವೋ, ಹೇಳಲಾಗದು. ನಾವು ಕಣ್ಣುಮುಚ್ಚಿದ ಮೇಲೆಯೂ ಆದೀತು. ಇದು ಕಹಿ ಮಾತು, ಆದರೂ ಬಿತ್ತಿದವನೇ ಕೊಯ್ಯಬೇಕೆಂಬ ಕರಾರು ದೇವರು ಯಾರಿಗೂ ಬರೆದುಕೊಟ್ಟಿಲ್ಲ.

ಈ ಸಲ ಗುಡ್ಡಕ್ಕೆ ಹೋದರೆ ಊರಿಗೆ ಬಂದ ಮಕ್ಕಳನ್ನೂ ಕರೆದೊಯ್ಯಿರಿ. ಗುರುತಿಲ್ಲದ ಅಣಬೆ ಕೀಳಬೇಡಿ. ಬೆಳ್ಳಿ ಚಮಚ ಕಪ್ಪಾಗುವ ಪರೀಕ್ಷೆ ಬರೀ ಸುಳ್ಳು, ಕುದಿಸಿದರೂ ಹೋಗದ ವಿಷವುಂಟು. ಗುರುತಿದ್ದುದನ್ನು ಕೊಯ್ಯಿರಿ, ನಾಲ್ಕಾರನ್ನು ಅರಳಲು ಬಿಡಿ. ನಾಳೆಗೆಂದು ಇಟ್ಟರೆ ಮರಳುಗಾಡಿನ ಮನ್ನದಂತೆ ಹುಳು ಬೀಳುತ್ತದೆ. ಹೆಚ್ಚಾದದ್ದನ್ನು ಅಂದೇ ಪಕ್ಕದ ಮನೆಗೆ ಕಳುಹಿಸಿ.