ಮಿಗಿಲಾದ ಅಕ್ಕಿ

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿ ಬಂದಿತು. ಸತಿ ಲಕ್ಕಮ್ಮನವರು ಹಿಗ್ಗಲಿಲ್ಲ. ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ಅದು ಕದ್ದ ಅಕ್ಕಿಯಲ್ಲ; ಆದರೂ ಆಸೆ ಬೆರೆತುದು ಲಿಂಗಾರ್ಪಿತಕ್ಕೆ ಸಲ್ಲದೆಂಬುದು ಆ ಶರಣೆಯ ನಿಲುವು.

ದೊಡ್ಡಬೆಳವಂಗಲದಂತಹ ಊರುಗಳ ಅರಳಿಕಟ್ಟೆಯಲ್ಲಿ ಇಂದು ರಾಜಕೀಯ ಪಕ್ಷಗಳ ಭ್ರಷ್ಟಾಚಾರವೇ ಮಾತು. ಆ ನಿಂದೆ ಅಕಾರಣವಲ್ಲ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳ ಮೂಲಕ ಅನೇಕ ಪಕ್ಷಗಳು ದಾನಿಗಳ ಹೆಸರು ಪ್ರಜೆಗಳಿಗೆ ತಿಳಿಯದಂತೆ ಧನ ಪಡೆದವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಆ ಯೋಜನೆಯನ್ನು ರದ್ದುಗೊಳಿಸಿತು. ಆದರೆ ಮತದಾನದ ಹಿಂದಿನ ರಾತ್ರಿ ಮನೆಬಾಗಿಲಿಗೆ ಬರುವ ನೋಟನ್ನು ರದ್ದುಗೊಳಿಸುವವರಾರು? 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಪ್ರಕರಣವು ಮತಕ್ಕಾಗಿ ಹಣ ಕೊಡುವುದನ್ನು ಮಾತ್ರವಲ್ಲ, ಪಡೆಯುವುದನ್ನೂ ಭ್ರಷ್ಟ ಆಚರಣೆಯೆಂದೇ ಎಣಿಸುತ್ತದೆ.

“ಎಲ್ಲರ ಹಣವನ್ನೂ ಪಡೆದು ಮನಸ್ಸಿಗೆ ಬಂದವರಿಗೆ ಮತ ನೀಡಿದರಾಯಿತು” ಎಂಬ ಜಾಣ್ಮೆಯೊಂದುಂಟು. ಕೊಟ್ಟವನು ಅದನ್ನು ದಾನವೆಂದು ಬಗೆಯುವುದಿಲ್ಲ, ಬಂಡವಾಳವೆಂದೇ ಬಗೆಯುತ್ತಾನೆ. ರಸ್ತೆಯಲ್ಲಿ, ಕೆರೆಯಲ್ಲಿ, ಶಾಲೆಯ ಗೋಡೆಯಲ್ಲಿ ಬಡ್ಡಿಸಹಿತ ವಸೂಲು ಮಾಡುತ್ತಾನೆ. ಪಡೆದವನಿಗೆ ಆಗ ಪ್ರಶ್ನಿಸುವ ನಾಲಗೆ ಇರದು. ಬಡತನವನ್ನು ನೆಪವೆನ್ನುವಂತಿಲ್ಲ, ಅದು ನಿಜವೇ. ಆದರೆ ಲಕ್ಕಮ್ಮನವರ ಮನೆಯಲ್ಲಿಯೂ ಸಿರಿಯಿರಲಿಲ್ಲ, ಕಾಯಕವಿತ್ತು.

ಪಕ್ಷಗಳ ಶುದ್ಧಿಯನ್ನು ಬಯಸುವ ಸದ್ಭಕ್ತರು ಮೊದಲು ತಮ್ಮ ಹೊಸ್ತಿಲನ್ನು ಶುದ್ಧಗೊಳಿಸಬೇಕು. ಇರುಳಿನಲ್ಲಿ ಬಂದ ಹಣವನ್ನು ಬಂದ ಕೈಗೇ ಹಿಂದಿರುಗಿಸುವಂತೆ ನುಡಿಯುವ ಒಬ್ಬ ಲಕ್ಕಮ್ಮ ಪ್ರತಿ ಮನೆಯಲ್ಲಿದ್ದರೆ, ಆ ಊರಿನ ಮತಕ್ಕೆ ಬೆಲೆ ಕಟ್ಟುವ ಧೈರ್ಯ ಯಾರಿಗೂ ಬಾರದು.