ಯಾರ ಕೆನ್ನೆ?

1948ರಲ್ಲಿ ನಿಜಾಮನ ಆಳ್ವಿಕೆ ಮುಗಿದುದನ್ನು ನೆನೆದು ಪ್ರತಿ ಸೆಪ್ಟೆಂಬರ್ 17ರಂದು ಕೊಪ್ಪಳದ ಶಾಲೆಗಳಲ್ಲಿ ಧ್ವಜ ಏರಿಸುತ್ತೇವೆ. ರಜಾಕಾರರ ಕ್ರೌರ್ಯವನ್ನೂ ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಗಳ ಧೈರ್ಯವನ್ನೂ ಹೇಳುತ್ತೇವೆ, ಹೇಳಲೇಬೇಕು. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಸಂಸ್ಥಾನದಲ್ಲಿ ಸಾವಿರಾರು ಮುಸಲ್ಮಾನರು ಕೊಲೆಯಾದದ್ದನ್ನು ಮಾತ್ರ ಹೇಳುವುದಿಲ್ಲ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ಬರೆದಿಟ್ಟಿತು. ವರದಿ ದಶಕಗಳವರೆಗೆ ಕಪಾಟಿನಲ್ಲೇ ಉಳಿಯಿತು.

ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡೆಂದ ಯೇಸುವಿನ ಉಪದೇಶವನ್ನು ಗಾಂಧೀಜಿ ಮೆಚ್ಚಿದ್ದರು. ‘ರಾಜಕಾರಣದಾಗ ಅದು ನಡೆಯೂದಿಲ್ಲ ಬಿಡ್ರಿ ಅಕ್ಕೋರ’ ಎನ್ನುತ್ತಾರೆ ಸಹೋದ್ಯೋಗಿಗಳು. ಇರಬಹುದು. ಆದರೆ ಆ ಮಾತು ಏಟು ತಿಂದವನಿಗೆ, ಅವನದೇ ಕೆನ್ನೆಯ ಬಗ್ಗೆ ಹೇಳಿದ್ದು. ಮನೆ ಸುಟ್ಟುಹೋದ ಅಜ್ಜಿ ಕ್ಷಮಿಸಿದರೆ ಅದು ಆಕೆಯ ದೊಡ್ಡತನ. ಆಕೆಯ ಹೆಸರಿನಲ್ಲಿ ನಾನು ಕ್ಷಮಿಸುವಂತಿಲ್ಲ. ಸೇಡು ಕೇಳುವಂತೆಯೂ ಇಲ್ಲ. ಈ ವರ್ಷ ಹತ್ತನೇ ತರಗತಿಯವರಿಗೆ ಎರಡೂ ಕಡೆಯ ಸಾವುಗಳನ್ನು ಹೇಳಿದೆ.