ಒಗಟು ಹಾಕುವವನ ಹೊಣೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೊದಲಾದ ಬೆಂಗಳೂರಿನ ಹೊರವಲಯದ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ತರುಣರು ವಿರಾಮಕಾಲದಲ್ಲಿ ಆಡುವ ವಿನೋದಗಳ ಪೈಕಿ ಒಂದು ವಿಚಾರಯೋಗ್ಯವಾಗಿದೆ. ಒಬ್ಬನು ಮೂವತ್ತು ನಲವತ್ತು ವರ್ಷಗಳ ಹಿಂದಣ ವಿಡಿಯೋ ಆಟವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರ ಹೆಸರನ್ನೆತ್ತದೆ, ಗೂಢವಾದ ಸುಳಿವನ್ನು ಮಾತ್ರ ಕೊಡುವನು. ಉಳಿದವರು ಅದರಿಂದ ಆಟವನ್ನು ಊಹಿಸತಕ್ಕದ್ದು. "ಬಾಯಿಯೇ ಮೈ; ನಾಲ್ಕು ಭೂತಗಳಿಗೆ ಅಂಜಿ ಓಡುವನು, ಗುಳಿಗೆಯೊಂದನ್ನು ನುಂಗಿದರೆ ಭೂತಗಳೇ ಅವನಿಗೆ ಅಂಜುವುವು" ಎಂದರೆ ಜಪಾನಿನ ನಾಮ್ಕೋ ಸಂಸ್ಥೆಯವರು 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್. "ಉಂಡಷ್ಟೂ ಬೆಳೆವುದು, ಬೆಳೆದಷ್ಟೂ ತನ್ನ ಮೈಯೇ ತನಗೆ ಮೃತ್ಯು" ಎಂದರೆ 1997ರಲ್ಲಿ ನೋಕಿಯಾ 6110 ಮೊಬೈಲಿನೊಳಗೆ ಬಂದ ಹಾವಿನಾಟ. "ಪೂರೈಸಿದ ಸಾಲು ಕುರುಹಿಲ್ಲದೆ ಮಾಯ, ಪೂರೈಸದೆ ಬಿಟ್ಟದ್ದೇ ರಾಶಿಯಾಗಿ ತಲೆಯ ಮಟ್ಟಕ್ಕೆ ಏರುವುದು" ಎಂದರೆ 1984ರಲ್ಲಿ ಮಾಸ್ಕೋ ನಗರದ ಅಲೆಕ್ಸಿ ಪಜಿಟ್ನೋವ್ ಎಂಬಾತನು ರಚಿಸಿದ ಟೆಟ್ರಿಸ್. ಈ ಕಡೆಯದನ್ನು ಗುಮಾಸ್ತೆಯ ಬಾಳನ್ನು ಕುರಿತ ಒಗಟೆಂದರೂ ಸಲ್ಲುತ್ತದೆ.

ವಸ್ತು ಹೊಸದಾದರೂ ವಿನೋದವು ಹಳೆಯದು. ವಾತ್ಸ್ಯಾಯನನು ಎಣಿಸುವ ಅರುವತ್ತುನಾಲ್ಕು ಕಲೆಗಳಲ್ಲಿ ಪ್ರಹೇಳಿಕೆಯೂ ಒಂದು. ಕನ್ನಡನಾಡಿನಲ್ಲಿ ಅಲ್ಲಮಪ್ರಭುವಿನ ಬೆಡಗು, ಕನಕದಾಸರ ಮುಂಡಿಗೆ, ಮದುವೆಯ ಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಹುದುಗಿಸಿ ಹೇಳುವ ಒಡಪು, ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮರೆಮಾಡುವವನು ಹುಡುಕುವವನಿಗೆ ಏನಾದರೂ ಸಲ್ಲಿಸಬೇಕಾದುದು ಉಂಟೇ? ಅಥವಾ ಬಿಡಿಸಲಾರದವನ ಸೋಲು ಬಿಡಿಸಲಾರದವನದೇ ಎಂದು ಸುಮ್ಮನಿರಬಹುದೇ?

ಆಲಂಕಾರಿಕರಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಗೆ ಮೂರು ಉಪಯೋಗಗಳನ್ನು ಹೇಳುತ್ತಾನೆ: ಗೋಷ್ಠಿಯ ವಿನೋದ, ಜನಸಂದಣಿಯ ನಡುವೆ ಬಲ್ಲವರ ಗುಟ್ಟುಮಾತು, ಪರರನ್ನು ಮರುಳುಗೊಳಿಸುವುದು. ಪೂರ್ವಾಚಾರ್ಯರು ಹೇಳಿದ ಹದಿನಾರು ಒಳ್ಳೆಯ ಬಗೆಗಳನ್ನು ವಿವರಿಸಿ, ಕೆಟ್ಟವು ಹದಿನಾಲ್ಕೆಂದು ಅವರು ಎಣಿಸಿದ್ದರೂ ದೋಷಗಳಿಗೆ ಎಣಿಕೆಯೇ ಇಲ್ಲವೆಂದು ಅವನ್ನು ಬಿಟ್ಟುಬಿಡುತ್ತಾನೆ. ಭಾಮಹನಿಗೆ ಇದರಲ್ಲಿ ಅಷ್ಟು ಒಲವಿಲ್ಲ. ಶಾಸ್ತ್ರದಂತೆ ವ್ಯಾಖ್ಯಾನವಿಲ್ಲದೆ ತಿಳಿಯದಿದ್ದರೆ ಅದು ಜಾಣರಿಗೆ ಮಾತ್ರ ಹಬ್ಬ, ಮಂದಮತಿಗಳ ಗತಿಯೇನು ಎಂದು ಅವನು ಮರುಗುತ್ತಾನೆ. ದಂಡಿಯ ಮೂರು ಉಪಯೋಗಗಳು ಒಂದೇ ತೂಕದವಲ್ಲವೆಂಬುದು ಸ್ಪಷ್ಟ. ಗೋಷ್ಠಿಯ ವಿನೋದದಲ್ಲಿ ಎಲ್ಲರೂ ಪಾಲುಗಾರರು. ಗುಟ್ಟುಮಾತಿನಲ್ಲಿ ಕೆಲವರು ಒಳಗೆ, ಉಳಿದವರು ಹೊರಗೆ. ವಿನೋದವೆಂದು ಹೇಳಿಕೊಂಡು ಗುಟ್ಟುಮಾತನ್ನು ನಡೆಸುವುದು ಸುಲಭ, ಮತ್ತು ನಡೆಸುವವನಿಗೇ ಅದು ಅನೇಕವೇಳೆ ತಿಳಿಯದು.

ಇದನ್ನು ನಿಶ್ಚಯಿಸುವುದಕ್ಕೆ ಅಲಂಕಾರಶಾಸ್ತ್ರಕ್ಕಿಂತ ತರ್ಕಶಾಸ್ತ್ರವೇ ಹೆಚ್ಚು ನೆರವಾಗುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡವನು ಅಲ್ಲಿ ಬೆಂಕಿಯುಂಟೆಂದು ಊಹಿಸುತ್ತಾನೆ. ಈ ಊಹೆ ಅವನಿಗೆ ಎಲ್ಲಿಂದ ಬಂತು? ಅಡುಗೆಯ ಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಮತ್ತೆ ಮತ್ತೆ ಕಂಡಿದ್ದರಿಂದ. ಈ ಸಾಹಚರ್ಯದ ಅರಿವಿಗೆ ವ್ಯಾಪ್ತಿಜ್ಞಾನವೆಂದು ಹೆಸರು. ತರ್ಕಸಂಗ್ರಹವನ್ನು ಓದುವ ಬಾಲಕನಿಗೂ ಈ ದೃಷ್ಟಾಂತ ಗೊತ್ತು. ಅಡುಗೆಯ ಮನೆಯನ್ನೇ ನೋಡದವನು ಎಷ್ಟು ಸೂಕ್ಷ್ಮಬುದ್ಧಿಯಾದರೂ ಬೆಟ್ಟದ ಹೊಗೆಯು ಅವನಿಗೆ ಬರಿಯ ಹೊಗೆಯೇ. ಒಗಟಿನ ಸುಳಿವು ಹೊಗೆ, ಉತ್ತರವು ಬೆಂಕಿ, ಬಾಲ್ಯವು ಅಡುಗೆಯ ಮನೆ.

ಹೀಗಿರಲು ಸುಳಿವುಗಳಲ್ಲಿ ತಾರತಮ್ಯವಿದೆ. ಟೆಟ್ರಿಸ್ ಆಟವನ್ನು ಒಮ್ಮೆ ನೋಡಿದವನಿಗೂ ಮೇಲಿನ ಸುಳಿವು ದಾರಿ ತೋರುವುದು. "ಗೋದಾಮಿನ ಯಜಮಾನನ ಹೆಸರನ್ನು ಹೊತ್ತು ಜಗತ್ತನ್ನು ಗೆದ್ದವನು ಯಾರು?" ಎಂಬುದು ಹಾಗಲ್ಲ. 1981ರ ಡಾಂಕಿಕಾಂಗ್ ಆಟದಲ್ಲಿ ಮೊದಲು ಜಂಪ್‌ಮ್ಯಾನ್ ಎನಿಸಿಕೊಂಡಿದ್ದ ಬಡಗಿಗೆ, ಅಮೆರಿಕದಲ್ಲಿ ನಿಂಟೆಂಡೊ ಸಂಸ್ಥೆಯ ಗೋದಾಮಿದ್ದ ಕಟ್ಟಡದ ಯಜಮಾನನ ಹೆಸರಿನಿಂದ ಮಾರಿಯೋ ಎಂಬ ಹೆಸರು ಬಂದಿತು. ಈ ಕಥೆಯನ್ನು ಓದಿದವನಿಗೆ ಊಹೆಯ ಅಗತ್ಯವೇ ಇಲ್ಲ. ಓದದವನಿಗೆ ಊಹೆಯಿಂದ ಪ್ರಯೋಜನವಿಲ್ಲ. ಆಟವನ್ನು ಸಾವಿರ ಸಲ ಆಡಿದವನೂ ಇದನ್ನು ಬಿಡಿಸಲಾರನು. 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ ಈ ನಗರದಲ್ಲಿ, ಕಂಠಪಾಠದ ಪ್ರಶ್ನೆಗಿಂತ ಯೋಚಿಸಿ ಬಿಡಿಸಬಹುದಾದ ಪ್ರಶ್ನೆಯೇ ಮೇಲೆಂದು ರಸಪ್ರಶ್ನೆಯ ಬಲ್ಲವರು ಹೇಳುವುದು ಸುಮ್ಮನೆ ಅಲ್ಲ. ಪರೀಕ್ಷೆ ಹೀಗಿರಬಹುದು: ಉತ್ತರವನ್ನು ಬಿಚ್ಚಿದಾಗ ಕೇಳಿದವರು "ಅಯ್ಯೋ, ಇದು ಹೊಳೆಯಬೇಕಾಗಿತ್ತು" ಎಂದರೆ ಒಗಟು ಸರಿ; "ಓಹೋ, ಹಾಗೇನು" ಎಂದು ಸುಮ್ಮನಾದರೆ ಹಾಕಿದವನೇ ತಪ್ಪಿದನು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವವನ ಮಗಳು ಕಷ್ಟಪಟ್ಟು ಓದಿ ವೈಟ್‌ಫೀಲ್ಡಿನ ಕಚೇರಿಯನ್ನು ಸೇರಿದಳೆಂದು ಭಾವಿಸೋಣ. ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದೂರದರ್ಶನಕ್ಕೆ ಜೋಡಿಸಿ ಆಡುವ ಪೆಟ್ಟಿಗೆಯಂತೂ ಇಲ್ಲವೇ ಇಲ್ಲ. ಸುಳಿವುಗಳು ಒಂದಾದಮೇಲೊಂದು ಬರುತ್ತವೆ, ಸುತ್ತಲಿನವರು ನಗುತ್ತ ಉತ್ತರ ಹೇಳುತ್ತಾರೆ, ಅವಳು ಮೌನವಾಗಿರುತ್ತಾಳೆ. ಭಾಮಹನು ಮರುಗಿದ್ದು ಮಂದಮತಿಗಳಿಗಾಗಿ, ಇವಳಾದರೋ ಮಂದಮತಿಯಲ್ಲ. ಆದರೆ ನೋಡುವವರಿಗೆ ಮಂದಮತಿಯ ಮೌನವೂ ಅಪರಿಚಿತಳ ಮೌನವೂ ಒಂದೇ ಬಗೆಯಾಗಿ ತೋರುತ್ತವೆ. ಮರುದಿನ ಕಠಿನವಾದ ಕೆಲಸವೊಂದನ್ನು ಯಾರಿಗೆ ಒಪ್ಪಿಸಬೇಕೆಂದು ಯೋಚಿಸುವ ಮೇಲಧಿಕಾರಿಯ ಮನಸ್ಸಿನಲ್ಲಿ ಈ ಮೌನವು ತನಗರಿಯದಂತೆಯೇ ಕುಳಿತಿದ್ದರೆ ಆಶ್ಚರ್ಯವಿಲ್ಲ. ಹುಟ್ಟಿದ ಮನೆಯ ಅನುಕೂಲವು ಬುದ್ಧಿಯ ವೇಷದಲ್ಲಿ ಸಭೆಗೆ ಬರುವುದು ಇಂಥ ಕಡೆಯಲ್ಲಿಯೇ.

ಯಾವ ಒಗಟಾದರೂ ಪರಿಚಯವನ್ನು ಅಪೇಕ್ಷಿಸುವುದಷ್ಟೆ, ತೆಂಗಿನಕಾಯಿಯ ಒಗಟು ಹಿಮದ ನಾಡಿನವನಿಗೆ ಹೇಗೆ ತಿಳಿದೀತು, ಎಂಬ ಆಕ್ಷೇಪಕ್ಕೆ ಬಲವಿದೆ. ಆದರೆ ಹಳ್ಳಿಯ ಜಗಲಿಯ ಮೇಲೆ ಒಗಟು ಹಾಕುವ ಅಜ್ಜಿಗೆ ಎದುರಿಗೆ ಕುಳಿತವರು ಯಾರೆಂದು ಗೊತ್ತು. ತೆಂಗು, ಬಾವಿ, ಬೀಸುವ ಕಲ್ಲು ಅಲ್ಲಿ ಎಲ್ಲರ ಕಣ್ಣೆದುರಿನವು. ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. 1970ರ ದಶಕದ ಕೊನೆಯಲ್ಲಿ ಆರ್. ಕೆ. ಬಾಳಿಗರ ಮುಂಗಾಣ್ಕೆಯಿಂದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಅದನ್ನು ಎಬ್ಬಿಸಿದ ಮೇಲೆ, ಒಂದೇ ಹಜಾರದಲ್ಲಿ ಕೂಡುವವರು ನೂರು ಅಡುಗೆಯ ಮನೆಗಳಿಂದ ಬಂದವರು. ಅಲ್ಲಿ ಒಗಟು ಹಾಕುವವನು ಅಜ್ಜಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಅಗ್ಗದ ಮೊಬೈಲುಗಳ ಮೂಲಕ ಬಡವರ ಕೈಗೂ ಬಂದ ಹಾವಿನಾಟವನ್ನು ಆರಿಸಿಕೊಂಡವನಿಗೆ ಈ ಎಚ್ಚರವಿತ್ತೆನ್ನಬೇಕು.

ಸುಳಿವು ಸಿಕ್ಕದೆ, ಮೇಜಿನ ಕೆಳಗೆ ಮೊಬೈಲು ಹಿಡಿದು ಉತ್ತರವನ್ನು ಕದ್ದು ನೋಡುವವನನ್ನು ಎಲ್ಲರೂ ಹಳಿಯುತ್ತಾರೆ. ಹಳಿಯತಕ್ಕದ್ದೇ, ನೆರೆಮನೆಯಿಂದ ಕೆಂಡ ತಂದವನ ಬಳಿ ಬೆಂಕಿಯಿದ್ದರೂ ಅನುಮಾನಪ್ರಮಾಣವಿಲ್ಲ. ಆದರೂ ಗೋದಾಮಿನ ಯಜಮಾನನಂಥ ಸುಳಿವನ್ನು ಕೊಟ್ಟವನು ಅವನನ್ನು ತಾನೇ ನೆರೆಮನೆಗೆ ಅಟ್ಟಿದಂತಾಯಿತು.

ಮರೆಮಾಡುವುದರಲ್ಲಿಯೂ ಧರ್ಮವಿರಬಹುದೆಂಬುದಕ್ಕೆ ಈ ಹಳೆಯ ಆಟಗಳಲ್ಲಿಯೇ ಒಂದು ನಿದರ್ಶನವಿದೆ. ಅಟಾರಿ ಸಂಸ್ಥೆಯು ಆಟಗಳನ್ನು ರಚಿಸಿದವರ ಹೆಸರನ್ನು ಆಗ ಪ್ರಕಟಿಸುತ್ತಿರಲಿಲ್ಲ. 1980ರಲ್ಲಿ ಬಂದ ಅಡ್ವೆಂಚರ್ ಎಂಬ ಆಟದೊಳಗೆ ವಾರನ್ ರಾಬಿನೆಟ್ ಎಂಬಾತನು, ಹಿನ್ನೆಲೆಯ ಬಣ್ಣದಲ್ಲಿಯೇ ಬೆರೆತುಹೋಗುವ ಒಂದು ಚುಕ್ಕೆಯನ್ನು ಇಟ್ಟನು. ಅದನ್ನು ಹೊತ್ತು ತಕ್ಕ ಕಡೆಗೆ ಹೋದವನಿಗೆ ಗೋಡೆಯಾಚೆಯ ಗುಪ್ತವಾದ ಕೋಣೆ ತೆರೆಯುವುದು. ಅಲ್ಲಿ ಕರ್ತೃವಿನ ಹೆಸರು. ಮೇಲಧಿಕಾರಿಗಳಿಗೆ ಇದರ ಸುಳಿವೇ ಇರಲಿಲ್ಲ. ಅಮೆರಿಕದ ಸಾಲ್ಟ್ ಲೇಕ್ ನಗರದ ಬಾಲಕನೊಬ್ಬನು ಅದನ್ನು ಕಂಡುಹಿಡಿದು ಸಂಸ್ಥೆಗೆ ಕಾಗದ ಬರೆದಾಗ, ರಾಬಿನೆಟ್ ಆಗಲೇ ಕೆಲಸ ಬಿಟ್ಟು ಹೋಗಿದ್ದನು. ಆ ಬಾಲಕನಿಗೆ ಬೇಕಾದ ವ್ಯಾಪ್ತಿಜ್ಞಾನವೆಲ್ಲವೂ ಆಟದೊಳಗೇ ಇತ್ತು. ಯಾರ ಮನೆತನ, ಯಾರ ಪರಿಚಯವೂ ಬೇಕಿರಲಿಲ್ಲ. ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮನು ಹದಿಮೂರನೆಯ ಶತಮಾನದಲ್ಲಿ ತಾನು ಕಡೆದ ವಿಗ್ರಹಗಳ ಕೆಳಗೆ ಬಯಲಾಗಿಯೇ ಹೆಸರು ಕೆತ್ತಿದ್ದಾನೆ. ಅವನಿಗೆ ಒಗಟಿನ ಅಗತ್ಯ ಬೀಳಲಿಲ್ಲ.

ಇನ್ನು ಸರದಿ ತಿರುಗಿ ಪೀಣ್ಯದ ತರುಣಿಯೇ ಒಗಟು ಹಾಕಬೇಕಾಯಿತೆನ್ನೋಣ. ವಿಡಿಯೋ ಆಟಗಳ ನಿಯಮವನ್ನು ಆ ದಿನದ ಮಟ್ಟಿಗೆ ಸಡಿಲಿಸಿದರೆ ಅವಳು ಕೇಳಬಹುದು: "ತಾನು ತಿರುಗದು, ತಿರುಗುವುದನ್ನು ಕೊರೆವುದು." ಹಜಾರವು ಮೌನವಾಗುವುದು. ಆಗ ಅವಳು ಎರಡನೆಯ ಸುಳಿವನ್ನು ಕೊಡುವಳು: "ಅಪ್ಪನ ಅಂಗಿಗೆ ಉಕ್ಕಿನ ಸುರುಳಿ ಅಂಟಿಸಿ ಮನೆಗೆ ಕಳುಹುವುದು." ಅಷ್ಟಕ್ಕೂ ಯಾರಿಗೂ ಲೇತ್ ಯಂತ್ರದ ಉಳಿಯು ಹೊಳೆಯದಿದ್ದರೆ, ಮೂರನೆಯದನ್ನು ಅವಳು ಅವರೆಲ್ಲರೂ ಕಂಡಿರುವ ಪೆನ್ಸಿಲ್ ಹೆರೆಯುವ ಮೆಂಡರಿನಿಂದ ಹೊಸೆದು ಹೇಳಬೇಕಾದೀತು.